ಎರಡು ಕಳೆದರೆ ಹತ್ತು

ಪೋತಿ ಬಂದರಿನಲ್ಲಿ, ಕ್ರೇನುಗಳ ಬೆನ್ನಿಗೆ,
ಹಳೆಯ ಚಹಾ ಗೋದಾಮಿನ ಎರಡನೇ ಮಹಡಿ.
ಮೆಟ್ಟಿಲಿಗೆ ಇನ್ನೂ ಎಲೆಯ ವಾಸನೆ,
ಗೋಡೆಗೆ ಕಪ್ಪು ಸಮುದ್ರದ ಪಸೆ.
ಎಲ್ಗುಜಾನ ಕಚೇರಿ ಇದು. ಹೇಜಲ್‌ನಟ್ಟು, ಗುಜರಿ ತಾಮ್ರ,
ಏನೇ ಇರಲಿ, ಹಡಗು ಹತ್ತುವ ಮೊದಲು
ಇಲ್ಲಿ ಕಾಗದವಾಗಬೇಕು.

ರೂಟರಿಗೆ ನಾಲ್ಕೇ ಬಾಯಿ.
ನಾಲ್ಕೂ ತುಂಬಿ ವರ್ಷವಾಯಿತು.
ಐದನೆಯವಳು ತ್ಸಿಯಾಲ, ಲೆಕ್ಕದವಳು,
ಕಿಟಕಿಯ ಬದಿಗೆ ಕೂತು
ಬಿಲ್ಲುಗಳನ್ನು ಪೆನ್‌ಡ್ರೈವಿಗೆ ತುಂಬಿ
ಕೊರಳಿಗೆ ಜೋತುಹಾಕಿಕೊಂಡು
ಪ್ರಿಂಟರಿನವರೆಗೆ ನಡೆಯುತ್ತಾಳೆ, ದಿನಕ್ಕೆ ಮೂವತ್ತು ಸಲ.
ಗಾಳಿಯಲ್ಲಿ ಬರುವುದಿಲ್ಲವೇ ಎಂದರೆ
ಗೋಡೆ ತಟ್ಟಿ ತೋರಿಸುತ್ತಾಳೆ:
ಎರಡು ಮೊಳ ದಪ್ಪ. ಚಹಾ ಒಣಗಿರಲೆಂದು ಕಟ್ಟಿದ್ದು.
ಬೈಗುಳವೇ ದಾಟುವುದಿಲ್ಲ, ಇನ್ನು ಅಲೆ ದಾಟೀತೇ.

ನನ್ನನ್ನು ಕರೆಸಿದರು.
ಹಿಂದೆ ಹಡಗಿನಲ್ಲಿ ರೇಡಿಯೋ ಕುಟ್ಟುತ್ತಿದ್ದೆ;
ಈಗ ಮೇಜಿನಡಿ ಮಂಡಿಯೂರಿ ತಂತಿ ಎಳೆಯುತ್ತೇನೆ.
ಎಂಟು ಬಾಯಿಯ ಸ್ವಿಚ್ಚು ತಂದೆ.
ಫ್ಯಾನಿಲ್ಲ, ಗುಂಡಿಯಿಲ್ಲ, ಅಂಗೈಯಗಲ ತಗಡಿನ ಪೆಟ್ಟಿಗೆ.
ಎಲ್ಗುಜಾ ಬೆರಳು ಮಡಿಚಿದ: "ನಾಲ್ಕು, ಎಂಟು. ಹನ್ನೆರಡು."
"ಹತ್ತು," ಅಂದೆ.
"ಎರಡು ಯಾರು ತಿಂದರು?"
"ಇದರದೊಂದು ಬಾಯಿ, ಅದರದೊಂದು ಬಾಯಿ
ಒಂದಕ್ಕೊಂದು ಕೊಟ್ಟುಕೊಳ್ಳಬೇಕು.
ಇಲ್ಲದಿದ್ದರೆ ಎರಡು ಪೆಟ್ಟಿಗೆ, ಅಷ್ಟೆ."
ತ್ಸಿಯಾಲ ತಲೆಯೆತ್ತದೆ ಅಂದಳು:
"ನನ್ನ ಮದುವೆಯಲ್ಲಿ ಒಂದೇ ಕಡೆಯ ಬಾಯಿ ಮುಚ್ಚಿತು.
ಅದಕ್ಕೇ ಲೆಕ್ಕ ಕೂಡಲಿಲ್ಲ."

ತಂತಿಯ ತುದಿ ಸುಲಿದೆ.
ಮಗ್ಗಿಯ ಹಾಗೆ ಬಾಯಿಪಾಠ:
ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ನೀಲಿಯ ಜೋಡಿ ಯಾಕೆ
ಹಸಿರಿನ ಜೋಡಿಯ ನಡುವೆ ನುಗ್ಗುತ್ತದೋ
ಇಷ್ಟು ವರ್ಷವಾದರೂ ಸರಿಯಾಗಿ ಹೇಳಲಾರೆ;
ನುಗ್ಗದಿದ್ದರೆ ಮಾತು ತಡವರಿಸುತ್ತದೆ, ಅದು ಗೊತ್ತು.

ಹಚ್ಚಿದೆ.
ಹೊಸ ಪೋಸ್ಟ್‌ಮನ್ನಿನ ಹಾಗೆ ಮೊದಲು ಅದು
ಪ್ರತಿ ಬಾಗಿಲನ್ನೂ ತಟ್ಟಿತು: ಇವರು ಇಲ್ಲಿದ್ದಾರಾ?
ಒಮ್ಮೆ ಮನೆ ಸಿಕ್ಕಿದರೆ ನೆಟ್ಟಗೆ ಅಲ್ಲಿಗೇ ನಡೆಯುತ್ತದೆ.
ಹಳೆಯ ಹಬ್ಬುಗಳು ಹಾಗಲ್ಲ,
ಒಬ್ಬನ ಗುಟ್ಟಿಗೆ ಊರೆಲ್ಲ ಡಂಗುರ.
ನನ್ನ ರೇಡಿಯೋ ಕೂಡ ಅದೇ ಜಾತಿ;
ದೋದೋಗೆಂದು ಕಳಿಸಿದ ಒಂದು ಮಾತನ್ನು
ಮೂರು ಹಡಗು ಕೇಳಿಸಿಕೊಂಡಿದ್ದವು.

ತ್ಸಿಯಾಲ ಕೂತಲ್ಲಿಂದಲೇ ಒತ್ತಿದಳು.
ಆಚೆ ಕೋಣೆಯಲ್ಲಿ ಪ್ರಿಂಟರು ಕೆಮ್ಮಿತು.
ಆದರೂ ಎದ್ದುಹೋಗಿ ನೋಡಿಬಂದಳು. ಅಭ್ಯಾಸ.

ಮರುದಿನ ಹತ್ತಕ್ಕೆ ಫೋನು:
"ಬಿಚೋ, ಎಲ್ಲ ಸತ್ತಿದೆ. ಹಡಗು ಐದಕ್ಕೆ."
ಹೋದರೆ, ದೀಪಗಳೆಲ್ಲ ಒಟ್ಟಿಗೆ
ರೆಪ್ಪೆ ಬಡಿಯದೆ ಉರಿಯುತ್ತಿವೆ.
ಗುಡಿಸುವ ನಜೀಬ್ರೋಲ
ರಾತ್ರಿ ಜೋತುಬಿದ್ದ ತುದಿಯೊಂದನ್ನು ಕಂಡು,
ಪಾಪ, ದಿಕ್ಕಿಲ್ಲದ್ದು ಎಂದು
ಪಕ್ಕದ ಖಾಲಿ ಬಾಯಿಗೆ ಚುಚ್ಚಿದ್ದಳು.
ಅದರ ಇನ್ನೊಂದು ತುದಿ ಅದೇ ಪೆಟ್ಟಿಗೆಯಲ್ಲಿತ್ತು.
ಮುಂದೆ ಬರುವ ಆರನೆಯವನಿಗೆಂದು
ಬಿಟ್ಟುಹೋದವನು ನಾನೇ.
"ಯಾರಿದ್ದೀರಿ?" ಎಂದು ಹೊರಟ ಪ್ರಶ್ನೆ
ಗಾಣದೆತ್ತಿನಂತೆ ಸುತ್ತಿ, ಸುತ್ತಿದಷ್ಟೂ ಮರಿ ಹಾಕಿ,
ಉತ್ತರಕ್ಕೆ ಕಾಲಿಡಲು ಜಾಗವಿಲ್ಲ.

ಎಳೆದೆ. ಟಕ್.
ಮೂರು ಉಸಿರಿನಷ್ಟು ಕತ್ತಲೆ.
ಆಮೇಲೆ ಒಂದೊಂದೇ ದೀಪ
ತನ್ನ ತಾಳ ತಾನು ಹಿಡಿಯಿತು.
ಬೆಳಗಿನಿಂದ ಒತ್ತಿ ಒತ್ತಿ ಇಟ್ಟದ್ದನ್ನೆಲ್ಲ
ಪ್ರಿಂಟರು ಕಕ್ಕತೊಡಗಿತು:
ಹೇಜಲ್‌ನಟ್ಟು, ಇಪ್ಪತ್ತೆರಡು ಟನ್ನು, ಹನ್ನೊಂದು ಪ್ರತಿ.

ನಜೀಬ್ರೋಲ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು.
"ಖಾಲಿ ಬಾಯಿ ಕಂಡರೆ ಸುಮ್ಮನಿರಲು ಆಗುವುದಿಲ್ಲ," ಅಂದಳು,
"ಐದು ಮಕ್ಕಳನ್ನು ಸಾಕಿದವಳು."

ಒಂದು ಪ್ರತಿಗೆ ಸೀಲು ಬಿತ್ತು.
ಉಳಿದ ಹತ್ತನ್ನು ತ್ಸಿಯಾಲ ಅವಳ ಕೈಗಿಟ್ಟಳು,
ಕಿಟಕಿ ಒರೆಸಲು.
ಉಪ್ಪು ಹಿಡಿದ ಗಾಜಿನಲ್ಲಿ
ಅಂಗೈಯಗಲ ಸಮುದ್ರ ಕಂಡಿತು.